ಎಡಗೆನ್ನೆ

ಬೋರಾ ಬೀಸುವ ದಿನ ತ್ರಿಯೆಸ್ತೆಯಲ್ಲಿ
ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಿದ್ದರು ಹಿಂದೆ,
ಜನ ಹಾರಿಹೋಗದ ಹಾಗೆ.
ಹಗ್ಗ ಹಿಡಿ, ಬಾಯಿ ಮುಚ್ಚು, ನಡಿ, ಎನ್ನುತ್ತಿದ್ದಳು ಅಜ್ಜಿ.
ನನಗೀಗ ಅಷ್ಟು ಗಾಳಿ ಬೇಕಿಲ್ಲ.
ಬಾಗಿಲ ಸಂದಿಯಿಂದ ನುಸುಳಿದ್ದು ಸಾಕು,
ಎಡಗೆನ್ನೆಯ ಮೇಲೆ ಒಂದು ಬೆರಳಿನಷ್ಟು.
ಕರೆಂಟು.

ಮಿಂಚು ಎನ್ನಬಹುದಿತ್ತು. ಎನ್ನಲಾರೆ.
ಮಿಂಚಿಗೊಂದು ಚೆಲುವಿದೆ, ಮೋಡದ ಮುನ್ಸೂಚನೆಯಿದೆ.
ಇದು ಗೋಡೆಯೊಳಗೆ ಹರಿದ ವೈರು,
ಒದ್ದೆ ಕೈ.

ನಾನು ನೀವೆಸ್. ಬಂದರಿನ ಗೋದಾಮಿನಲ್ಲಿ
ಇಪ್ಪತ್ತಾರು ವರ್ಷ ಕಾಫಿಯ ರುಚಿ ನೋಡಿದವಳು.
ಚಮಚೆಯಲ್ಲೆತ್ತಿ ಸೊರ್ರೆಂದು ಎಳೆಯಬೇಕು,
ನಾಲಗೆಯ ತುಂಬ ಚದುರಬೇಕು, ಉಗುಳಬೇಕು.
ಇಥಿಯೋಪಿಯದ್ದೋ, ಹೊಂಡುರಾಸಿನದ್ದೋ,
ಹಡಗಿನಲ್ಲಿ ಮೂಟೆ ನೆನೆಯಿತೋ, ಸೆಣಬಿನ ವಾಸನೆ ಹತ್ತಿತೋ,
ನಾಲಗೆ ಹೇಳುತ್ತಿತ್ತು, ನಾನು ಬರೆದುಕೊಳ್ಳುತ್ತಿದ್ದೆ.
ಈಗ ಸೊರ್ರೆನ್ನುವ ಮೊದಲೇ ಕೈ ನಡುಗಿ
ಬಿಳಿ ಮೇಜುಬಟ್ಟೆಯ ಮೇಲೆ ಕಂದು ಕಲೆ.

ಮೊದಲು ಹಲ್ಲೆಂದರು.
ಎರಡು ಕಿತ್ತರು. ಒಳ್ಳೆಯ ಹಲ್ಲುಗಳು ಪಾಪ,
ಸಾಕ್ಷಿಯಿಲ್ಲದೆ ಗಲ್ಲಿಗೇರಿದವು.
ಆಮೇಲೆ ಮಾತ್ರೆ. ಬೆಳಿಗ್ಗೆ ಇನ್ನೂರು, ರಾತ್ರಿ ನಾನೂರು, ಮತ್ತೆ ಏರಿಕೆ.
ನೋವು ಪಕ್ಕದ ಕೋಣೆಗೆ ಹೋಯಿತು, ನಿಜ,
ಹೋಗುವಾಗ ಹೆಸರುಗಳನ್ನೂ ಕರೆದೊಯ್ದಿತು.
ಅಕ್ಕನ ಮಗನನ್ನು ‘ಏ, ಇವನೇ’ ಎಂದು ಕೂಗಿದೆ.
ಮೆಟ್ಟಿಲು ಹಡಗಿನಂತೆ ತೂಗಿತು.
ರಕ್ತದಲ್ಲಿ ಉಪ್ಪು ಇಳಿದಿದೆ ಎಂದರು;
ಕಡಲ ದಂಡೆಯಲ್ಲೇ ಹುಟ್ಟಿದವಳಿಗೆ ಉಪ್ಪಿನ ಬಡತನ!
ಲೀವಿಯೊ ನಕ್ಕ. ನಾನೂ ನಕ್ಕೆ,
ಬಲಗಡೆಯಿಂದ ಮಾತ್ರ.

ಡಾಕ್ಟರ್ ಬೆನುಸ್ಸಿ ಕಾಗದದ ಮೇಲೆ ಗೆರೆ ಎಳೆದಳು.
‘ಇದು ನರ. ಇದು ರಕ್ತನಾಳ. ಒರಗಿಕೊಂಡಿದೆ, ನೋಡಿ.
ಎದೆ ಬಡಿದಾಗಲೆಲ್ಲ ಇದು ಅದನ್ನು ತಟ್ಟುತ್ತದೆ.’
ಅಂದರೆ ನನ್ನ ಎದೆಯೇ ನನ್ನ ಕೆನ್ನೆಗೆ ಹೊಡೆಯುತ್ತಿದೆ,
ನಿಮಿಷಕ್ಕೆ ಎಪ್ಪತ್ತು ಸಲ.

ದಾರಿಗಳಿವೆ, ಎಂದಳು.
ಕೆನ್ನೆಯಿಂದ ಸೂಜಿ ತೂರಿಸಿ, ಪುಟ್ಟ ಬಲೂನು ಊದಿ
ನರವನ್ನು ಹಿಂಡಬಹುದು. ಮರುದಿನವೇ ಮನೆ.
ಆದರೆ ಮುಖ ಅರ್ಧ ಮರಗಟ್ಟೀತು.
‘ನಾಲಗೆ?’
ಪೆನ್ನಿಗೆ ಮುಚ್ಚಳ ಹಾಕಿದಳು, ತೆಗೆದಳು, ಹಾಕಿದಳು.
‘ನಾಲಗೆಯೂ. ಎಡ ಅರ್ಧ. ರುಚಿ ಉಳಿದೀತು, ಸ್ಪರ್ಶ ಹೋದೀತು.’
ಹೇಗೆ ತಿಳಿಸಲಿ ಅವಳಿಗೆ,
ಕಾಫಿಗೊಂದು ತೂಕವಿದೆ, ಒಂದು ಜಾರಿಕೆ, ಒಂದು ತರಿ,
ಅದನ್ನು ಅಳೆಯುವ ತಕ್ಕಡಿ ಸ್ಪರ್ಶವೇ ಎಂದು.
ಕಿರಣ ಹಾಯಿಸಬಹುದು, ಕತ್ತಿಯಿಲ್ಲ,
ಫಲಕ್ಕೆ ತಿಂಗಳುಗಟ್ಟಲೆ ಕಾಯಬೇಕು, ಅಲ್ಲೂ ಮರಗಟ್ಟುವ ಭಯ.
ಇಲ್ಲವೇ ಕಿವಿಯ ಹಿಂದೆ ಬುರುಡೆಗೊಂದು ಕಿಂಡಿ ಕೊರೆದು
ನರಕ್ಕೂ ನಾಳಕ್ಕೂ ನಡುವೆ ಒಂದು ಚೂರು ಮೆತ್ತೆ.
‘ಮೆತ್ತೆ?’
‘ಉಣ್ಣೆಬಟ್ಟೆಯಂಥದು. ಅಷ್ಟೇ.
ಹೆಚ್ಚಿನವರಿಗೆ ಗುಣ. ಕೆಲವರಿಗೆ ಕಿವಿ ಹೋಗುತ್ತದೆ.
ತೀರ ಕೆಲವರು ಏಳುವುದಿಲ್ಲ.’

ಮನೆಯಲ್ಲಿ ಕುರ್ಚಿಯ ಕಾಲಿಗೆ ನಾನೇ ಅಂಟಿಸಿದ್ದೇನೆ
ಅಂಥ ನಾಲ್ಕು ಚೂರು,
ಕೆಳಮನೆಯ ಸಿನ್ಯೋರಾ ಪೆರ್ತೋತ್
ಪೊರಕೆಯ ಹಿಡಿಯಿಂದ ಸೂರು ಗುದ್ದುವುದು ತಪ್ಪಲೆಂದು.
ತಪ್ಪಿತು, ಆರು ವರ್ಷ.
ಮೊನ್ನೆ ಒಂದು ಚೂರು ಕಿತ್ತು ಬಂತು.
ಮೇಜಿನ ಮೇಲೆ ಇಟ್ಟಿದ್ದೇನೆ, ಎಸೆದಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಗೋದಾಮಿನಲ್ಲಿ
ನೀರು ಕಾಯಿಸಿದೆ. ಯೆಮನ್ನಿನ ಒಂದು ಮುಷ್ಟಿ.
ಬರುತ್ತದೆಂದು ಗೊತ್ತಿದ್ದೂ ಸೊರ್ರೆಂದು ಎಳೆದೆ.
ಬಲನಾಲಗೆ ಅಂದಿತು: ಹಗುರ, ಒಣದ್ರಾಕ್ಷಿ.
ಎಡನಾಲಗೆ ಬೇರೇನೋ ಹೇಳಲು ಬಾಯಿ ತೆರೆದಿತ್ತು, ಅಷ್ಟರಲ್ಲಿ

ಗೋಡೆ ಹಿಡಿದು ನಿಂತೆ.
ಪುಸ್ತಕದಲ್ಲಿ ಅರ್ಧ ಸಾಲು ಬರೆದು, ಉಳಿದರ್ಧ ಖಾಲಿ ಬಿಟ್ಟೆ.
ಬುಧವಾರ ಆಸ್ಪತ್ರೆಗೆ ಫೋನು ಮಾಡಿ ಕೇಳಬೇಕು,
ಕಿವಿಯ ಹಿಂದೆ ಕೂದಲು ಎಷ್ಟಗಲ ಬೋಳಿಸುತ್ತೀರಿ ಎಂದು.